ಐದು ವರ್ಷ ಮಿಲಿಟರಿಗೆ ಕೊಡಿ ಅನ್ನುವ ನನ್ನ ಬೆಂಗಳೂರಿನವರಿಗೆ

ಗೆಳೆಯರೇ,

ಹೋದ ಭಾನುವಾರ ಬೆಳಿಗ್ಗೆ ವಿದ್ಯಾರಣ್ಯಪುರದ ಒಂದು ದರ್ಶಿನಿ ಮುಂದೆ ನಾವು ಐದಾರು ಜನ ಕಾಫಿ ಹಿಡಿದು ನಿಂತಿದ್ದೆವು. ನಮ್ಮ ಬೀದಿಯ ಹುಡುಗನೊಬ್ಬ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅಪ್ಪನ ಹೆಗಲು ಹಿಡಿದು ಕುಂಟುತ್ತಾ ಬಂದ. ರಾತ್ರಿ ಪಾಳಿ ಮುಗಿಸಿ ಬರುವಾಗ ಮಳೆನೀರಿನಡಿ ಗುಂಡಿ ಕಾಣದೆ ಸ್ಕೂಟರ್ ಸಮೇತ ಬಿದ್ದಿದ್ದ. ಮೊಣಕಾಲ ಕೆಳಗೆ ಮೂಳೆ ಮುರಿದಿದೆ. ನೋಡಿದವರಿಗೆಲ್ಲ ಹೊಟ್ಟೆ ಉರಿಯಿತು. ಬೈಗುಳ ರಸ್ತೆಯಿಂದ ಶುರುವಾಗಿ ಕಂಟ್ರಾಕ್ಟರ್‌ಗೆ ಹೋಯಿತು, ಅಲ್ಲಿಂದ ರಾಜಕಾರಣಿಗಳಿಗೆ ಏರಿತು. ಕೊನೆಗೆ ನಿಮ್ಮಲ್ಲೊಬ್ಬರು ಹೇಳಿದಿರಿ: "ಈ ದೇಶಾನ ಐದೇ ಐದು ವರ್ಷ ಮಿಲಿಟರಿ ಕೈಗೆ ಕೊಡಬೇಕು. ಎಲ್ಲಾ ಸರಿಹೋಗುತ್ತೆ. ಅಲ್ವಾ ಸುಬೇದಾರ್ರೇ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ನೆ ನಕ್ಕು, ಲೋಟ ಇಟ್ಟು ಮನೆಗೆ ಬಂದೆ. ಆ ನಗು ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ. ನಾನು ನಕ್ಕಿದ್ದನ್ನು ನೀವು ಒಪ್ಪಿಗೆ ಅಂದುಕೊಂಡಿರುತ್ತೀರಿ. ನಾನು ಒಪ್ಪಿಲ್ಲ. ಅಲ್ಲೇ ಹೇಳಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಈ ಮಾತನ್ನು ಆಟೊದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಚೇರಿಗಳ ಕ್ಯೂನಲ್ಲಿ ಕೂಡ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೇ ಇದು ಎಲ್ಲರಿಗೂ ಬರೆದ ಪತ್ರ.

ನಾನು ಅರಸೀಕೆರೆ ಕಡೆಯ ಹಳ್ಳಿಯವನು. 1984ರಲ್ಲಿ ಹಲಸೂರಿನ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೆಂಟರ್‌ನಲ್ಲಿ ಭರ್ತಿಯಾದೆ. ಮದ್ರಾಸ್ ಸ್ಯಾಪರ್ಸ್ ಅಂತಲೂ ನಮಗೆ ಹೆಸರಿದೆ. ಸೈನ್ಯದೊಳಗೆ ನಮ್ಮನ್ನು ಪ್ರೀತಿಯಿಂದ 'ತಂಬಿ' ಅನ್ನುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ನಮ್ಮ ಕಸುಬು. 26 ವರ್ಷ ದುಡಿದು ಸುಬೇದಾರ್ ಆಗಿ ಹೊರಬಂದೆ. ಸೈನ್ಯ ನನಗೆ ಅನ್ನ ಕೊಟ್ಟಿದೆ, ಮರ್ಯಾದೆ ಕೊಟ್ಟಿದೆ. ನೀವು ಆ ಮಾತು ಹೇಳುವುದು ಸೈನ್ಯದ ಮೇಲಿನ ಪ್ರೀತಿಯಿಂದ ಅಂತಲೂ ನನಗೆ ಗೊತ್ತು.

2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ನಮ್ಮ ಎಂಇಜಿಯ ಹುಡುಗರೇ ಹೋಗಿ ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಹಗಲು ರಾತ್ರಿ ಮಳೆಯಲ್ಲೇ ನಿಂತು ಒಂದೂವರೆ ದಿನದೊಳಗೆ ಮುಗಿಸಿದರು. ಟಿವಿಯಲ್ಲಿ ನೋಡುವಾಗ ನನ್ನ ಕಣ್ಣು ತುಂಬಿತ್ತು. ಮರುದಿನ ನೀವೇ ಕೇಳಿದಿರಿ, "ನೋಡಿ ಸಾರ್, ಇವರು ಒಂದೂವರೆ ದಿನದಲ್ಲಿ ಮಾಡ್ತಾರೆ. ನಮ್ಮೂರಲ್ಲಿ ಒಂದು ಮೇಲ್ಸೇತುವೆಗೆ ಎಷ್ಟು ವರ್ಷ?"

ನ್ಯಾಯವಾದ ಪ್ರಶ್ನೆ. ಆದರೆ ಅಲ್ಲಿ ಸೇತುವೆ ಎಲ್ಲಿ ಬರಬೇಕು ಅಂತ ಯಾರೂ ಜಗಳ ಆಡಬೇಕಿರಲಿಲ್ಲ. ಹೊಳೆಯೇ ತೋರಿಸಿತ್ತು. ಆಚೆ ದಡದಲ್ಲಿ ಜನ ಸಿಕ್ಕಿಕೊಂಡಿದ್ದರು, ಅವರನ್ನು ಕರೆತರಬೇಕಿತ್ತು. ಗುರಿ ಒಂದೇ. ಬೆಂಗಳೂರಿನಲ್ಲಿ ಒಂದು ರಸ್ತೆ ಅಗಲ ಮಾಡಬೇಕಾದರೆ ಯಾರ ಅಂಗಡಿ ಹೋಗಬೇಕು? ಯಾರ ಮನೆಯ ಮುಂದಿನ ಮರ ಕಡಿಯಬೇಕು? ಮೊದಲು ದುಡ್ಡು ಹಾಕಬೇಕಾದದ್ದು ಮೆಟ್ರೋಗಾ, ಬಸ್ಸಿಗಾ, ಒಳಚರಂಡಿಗಾ? ಇದಕ್ಕೆ ಒಂದೇ ಸರಿ ಉತ್ತರ ಇಲ್ಲ. ಕೂತು ಮಾತಾಡಿ, ಜಗಳ ಆಡಿ, ಸ್ವಲ್ಪ ಬಿಟ್ಟುಕೊಟ್ಟು ಮಾಡಬೇಕಾದ ಕೆಲಸ ಇದು. ನಾನು ನನ್ನ ಜವಾನರಿಗೆ ಹುಕುಂ ಕೊಟ್ಟರೆ "ಯಾಕೆ ಸಾಬ್?" ಅಂತ ಯಾರೂ ಕೇಳುತ್ತಿರಲಿಲ್ಲ. ಗುಂಡು ಹಾರುವ ಜಾಗದಲ್ಲಿ ಕೇಳಲೂಬಾರದು. ಒಂದೂಕಾಲು ಕೋಟಿಗೂ ಜಾಸ್ತಿ ಜನ ಬದುಕುವ ಊರಿನಲ್ಲಿ "ಯಾಕೆ?" ಅಂತ ಕೇಳುವವರೇ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿ ಬಂದಿದ್ದೇನೆ.

2006ರಲ್ಲಿ ನಾನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ಕಾಂಗೊಗೆ ಹೋಗಿದ್ದೆ. ನಮ್ಮ ಕ್ಯಾಂಪ್ ಗೋಮಾ ಊರಿನಲ್ಲಿತ್ತು. ಪಕ್ಕದಲ್ಲೇ ನಿರಾಗೊಂಗೊ ಅನ್ನುವ ಅಗ್ನಿಪರ್ವತ. 2002ರಲ್ಲಿ ಅದರ ಲಾವಾ ಊರೊಳಗೇ ಹರಿದಿತ್ತು. ನಾಲ್ಕು ವರ್ಷ ಕಳೆದರೂ ಜನ ಆ ಕಪ್ಪು ಕಲ್ಲಿನ ಮೇಲೇ ಓಡಾಡುತ್ತಿದ್ದರು. ಮರದಲ್ಲಿ ಮಾಡಿದ ಎರಡು ಚಕ್ರದ ಗಾಡಿ, ಅವರು ಅದಕ್ಕೆ ಚುಕುಡು ಅನ್ನುತ್ತಾರೆ. ಅದರ ಮೇಲೆ ಆಲೂಗಡ್ಡೆ, ಇದ್ದಿಲಿನ ಮೂಟೆ ಹೇರಿಕೊಂಡು ಹುಡುಗರು ಇಳಿಜಾರಿನಲ್ಲಿ ಬರುತ್ತಿದ್ದರು. ಊರು ದಾಟಿದರೆ ಸಾಕು, ಎಷ್ಟೋ ಕಡೆ ಹಳೆಯ ರಸ್ತೆ ಕಾಡಿನೊಳಗೆ ಕಳೆದುಹೋಗಿತ್ತು. ರಸ್ತೆ ಕಟ್ಟುವುದೇ ಕಸುಬಾದ ನನಗೆ ಅದನ್ನು ನೋಡುವುದು ಬಹಳ ಸಂಕಟದ ಕೆಲಸ. ತಾಮ್ರ, ಕೋಬಾಲ್ಟ್, ಚಿನ್ನ, ವಜ್ರ ಎಲ್ಲವೂ ಇರುವ ದೇಶ ಅದು.

ಆ ದೇಶವನ್ನು ಒಬ್ಬ ಸೈನಿಕ 32 ವರ್ಷ ಆಳಿದ್ದ. ಹೆಸರು ಮೊಬುಟು.

ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಿಲಿಟರಿ ದಂಗೆ ಯಾಕಾಗುತ್ತದೆ ಅನ್ನುವುದಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ. ಕಾಂಗೊಗೆ ಬೆಲ್ಜಿಯಂನಿಂದ ಸ್ವಾತಂತ್ರ್ಯ ಬಂದದ್ದು 1960ರ ಜೂನ್ 30ಕ್ಕೆ. ಒಂದು ವಾರ ಕಳೆಯುವುದರೊಳಗೆ ಸೈನಿಕರು ದಂಗೆ ಎದ್ದರು. ಯಾಕೆ ಗೊತ್ತಾ? ಅಧಿಕಾರಿಗಳೆಲ್ಲ ಬಿಳಿಯರೇ ಇದ್ದರು, ಕಪ್ಪು ಜವಾನನಿಗೆ ಬಡ್ತಿ ಇರಲಿಲ್ಲ. ಬೆಲ್ಜಿಯಂನ ಜನರಲ್ ಒಬ್ಬ ಕಪ್ಪು ಹಲಗೆ ಮೇಲೆ 'ಸ್ವಾತಂತ್ರ್ಯದ ಹಿಂದೆ ಹೇಗೋ ಮುಂದೆಯೂ ಹಾಗೇ' ಅನ್ನುವ ಅರ್ಥದಲ್ಲಿ ಬರೆದು ತೋರಿಸಿದ. ಅಲ್ಲಿಗೆ ಬೆಂಕಿ ಹತ್ತಿತು. ಚುನಾಯಿತ ಪ್ರಧಾನಿ ಲುಮುಂಬಾ, ಸಾರ್ಜೆಂಟ್ ಆಗಿದ್ದು ಆಮೇಲೆ ಪತ್ರಕರ್ತನೂ ಆಗಿದ್ದ ಮೊಬುಟುವನ್ನು ಸೈನ್ಯದ ಮೇಲಿನ ಹುದ್ದೆಗೆ ಕೂರಿಸಿದರು. ಅದೇ ಮೊಬುಟು ಸೆಪ್ಟೆಂಬರ್‌ನಲ್ಲಿ ಸರ್ಕಾರವನ್ನೇ ಬದಿಗೆ ತಳ್ಳಿದ. ಅಮೆರಿಕ ಮತ್ತು ಬೆಲ್ಜಿಯಂ ಅವನ ಬೆನ್ನಿಗಿದ್ದವು. 1961ರ ಜನವರಿಯಲ್ಲಿ ಲುಮುಂಬಾರನ್ನು ಕೊಂದರು. 1965ರ ನವೆಂಬರ್‌ನಲ್ಲಿ ಮೊಬುಟು ಮತ್ತೆ ಬಂದ. ಈ ಸಲ ಪೂರ್ತಿ ಕೂತುಬಿಟ್ಟ. ಅವತ್ತು ಅವನು ಜನರಿಗೆ ಹೇಳಿದ ಮಾತಿನ ಸಾರ ಇಷ್ಟು: ರಾಜಕಾರಣಿಗಳು ಐದು ವರ್ಷದಲ್ಲಿ ದೇಶ ಹಾಳು ಮಾಡಿದ್ದಾರೆ, ಸರಿ ಮಾಡಲು ನನಗೆ ಐದು ವರ್ಷ ಬೇಕು.

ಐದು ವರ್ಷ. ದರ್ಶಿನಿ ಮುಂದೆ ಆ ಮಾತು ಬಂದಾಗ ನನ್ನ ಎದೆ ಯಾಕೆ ಧಸಕ್ ಅಂದಿತು ಅಂತ ಈಗ ಗೊತ್ತಾಯಿತಲ್ಲ.

ಅವನು ಇಳಿದದ್ದು 1997ರ ಮೇ ತಿಂಗಳಲ್ಲಿ, ಅದೂ ಬಂಡುಕೋರರು ಬಂದು ಓಡಿಸಿದ ಮೇಲೆ. ಅಷ್ಟರೊಳಗೆ ತನ್ನ ಹಿರಿಯರ ಊರಾದ ಗ್ಬಾಡೊಲಿಟೆಯಲ್ಲಿ ಅರಮನೆ ಕಟ್ಟಿಸಿದ್ದ. ಕಾಂಕಾರ್ಡ್ ವಿಮಾನ ಇಳಿಯುವಂಥ ರನ್‌ವೇ ಮಾಡಿಸಿದ್ದ. ಇನ್ನು ಅವನ ಸೈನ್ಯ? ಸಂಬಳ ಸಿಗದ ಜವಾನರು 1991ರಲ್ಲಿ ಒಮ್ಮೆ, 1993ರಲ್ಲಿ ಇನ್ನೊಮ್ಮೆ ತಮ್ಮದೇ ರಾಜಧಾನಿ ಕಿನ್ಶಾಸಾವನ್ನು ಲೂಟಿ ಮಾಡಿದರು. ಸಮವಸ್ತ್ರ ಹಾಕಿಕೊಂಡೇ ಲೂಟಿ. ಬೇರೆಯವರಿಗೆ ಇದು ಕಥೆಯಲ್ಲಿ ಬರುವ ಒಂದು ಸಾಲು. ಸಮವಸ್ತ್ರಕ್ಕೆ ದಿನಾ ಇಸ್ತ್ರಿ ಹಾಕಿ ಬದುಕಿದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಾನು ಅಲ್ಲಿದ್ದಾಗಲೇ, 2006ರ ಜುಲೈ 30ಕ್ಕೆ, ಚುನಾವಣೆ ನಡೆಯಿತು. 40 ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಹಲವು ಪಕ್ಷಗಳು ನಿಂತ ಚುನಾವಣೆ. ಅಧ್ಯಕ್ಷ ಹುದ್ದೆಗೇ 33 ಜನ ನಿಂತಿದ್ದರು. ಬೆಳಕು ಹರಿಯುವ ಮೊದಲೇ ಸಾಲು ಬೆಳೆದಿತ್ತು. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸರು, ಕೋಲೂರಿದ ಮುದುಕರು. ಒಬ್ಬ ಅಜ್ಜಿ ಶಾಯಿ ಹಚ್ಚಿದ ಬೆರಳನ್ನು ಮಡಚದೆ, ನೆಟ್ಟಗೆ ಹಿಡಿದುಕೊಂಡೇ ನಮ್ಮ ಜೀಪಿನ ಪಕ್ಕ ನಡೆದು ಹೋದಳು. ನನ್ನ ಅವ್ವ ತುಳಸಿ ತೀರ್ಥ ಹಿಡಿದು ಬರುವ ಹಾಗೆ. ಚುನಾವಣೆ ಆಯಿತು ಅಂತ ಅಲ್ಲಿ ಎಲ್ಲ ಸರಿಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. 2025ರ ಜನವರಿಯಲ್ಲಿ ಗೋಮಾ ಮತ್ತೆ ಬಂಡುಕೋರರ ಕೈಗೆ ಹೋಯಿತು. ಸುದ್ದಿ ಕೇಳಿದಾಗ ನನಗೆ ನೆನಪಾದದ್ದು ಆ ಅಜ್ಜಿಯ ಬೆರಳು. ಒಂದು ಸಲ ಮುರಿದ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸುವುದು ಎಷ್ಟು ತಲೆಮಾರಿನ ಕೆಲಸವೋ.

ಸೈನ್ಯ ಹೀಗೆ ಅಧಿಕಾರ ಹಿಡಿಯುವುದಕ್ಕೆ ನಮ್ಮ ಪತ್ರಿಕೆಗಳು 'ಕ್ಷಿಪ್ರಕ್ರಾಂತಿ' ಅಂತ ಬರೆಯುತ್ತವೆ. ನನಗೆ ಆ ಪದ ಹಿಡಿಸುವುದಿಲ್ಲ. ಕ್ರಾಂತಿ ಅಂದರೆ ಕನ್ನಡದವರಿಗೆ ಬಸವಣ್ಣನವರ ಕಾಲದ ಕಲ್ಯಾಣ ನೆನಪಾಗುತ್ತದೆ. ದೊಡ್ಡ ಪದ ಅದು. ರಾತ್ರೋರಾತ್ರಿ ಟಿವಿ ಕೇಂದ್ರಕ್ಕೆ ನುಗ್ಗುವುದಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ? ಸೇನಾ ದಂಗೆ ಅಂದರೆ ಸಾಕು. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. 1734ರಲ್ಲಿ ಮೈಸೂರಿನ ದಳವಾಯಿಗಳು ತಮ್ಮ ರಾಜ ಚಾಮರಾಜ ಒಡೆಯರನ್ನೇ ಇಳಿಸಿ, ಕನಕಪುರದ ಹತ್ತಿರದ ಕಬ್ಬಾಳದುರ್ಗದಲ್ಲಿ ಸೆರೆ ಇಟ್ಟರು. ಅವರು ಅಲ್ಲೇ ತೀರಿಕೊಂಡರು. ಕಾಯಲು ಇಟ್ಟವನೇ ಯಜಮಾನನಾಗುವ ಕಥೆ ಹಳೆಯದು.

ಈಗ ಟಿವಿ ಕೇಂದ್ರದ ಮಾತು. ದಂಗೆ ಎದ್ದವರು ಮೊದಲು ರೇಡಿಯೊ, ಟಿವಿ ಕೇಂದ್ರಕ್ಕೆ ಯಾಕೆ ಹೋಗುತ್ತಾರೆ ಅಂತ ಯೋಚಿಸಿದ್ದೀರಾ? ಒಂದು ದೇಶದ ಸೈನ್ಯ ಪೂರ್ತಿ ಸೇರಿ ದಂಗೆ ಏಳುವುದು ಬಹಳ ಕಡಿಮೆ. ಹೆಚ್ಚಿನ ಸಲ ಕೆಲವು ಅಧಿಕಾರಿಗಳು, ಕೆಲವು ನೂರು ಜವಾನರು ಅಷ್ಟೇ. ಉಳಿದ ರೆಜಿಮೆಂಟುಗಳು ತಮ್ಮ ತಮ್ಮ ಜಾಗದಲ್ಲಿ ಕೂತು, ಗೆಲ್ಲುವವರು ಯಾರು ಅಂತ ನೋಡುತ್ತಿರುತ್ತವೆ. ಸೋಲುವವರ ಜೊತೆ ಯಾರೂ ನಿಲ್ಲುವುದಿಲ್ಲ, ಅದು ಪ್ರಾಣದ ಲೆಕ್ಕ. "ಆಗಲೇ ಮುಗಿದುಹೋಯಿತು, ನಾವು ಗೆದ್ದೆವು" ಅಂತ ಮೊದಲು ಯಾರು ನಂಬಿಸುತ್ತಾರೋ ಅವರೇ ಗೆಲ್ಲುತ್ತಾರೆ. 1981ರ ಫೆಬ್ರುವರಿ 23ರಂದು ಸ್ಪೇನ್‌ನಲ್ಲಿ ಒಬ್ಬ ಲೆಫ್ಟಿನೆಂಟ್ ಕರ್ನಲ್ ಪಿಸ್ತೂಲು ಹಿಡಿದು ಸಂಸತ್ತಿಗೇ ನುಗ್ಗಿದ್ದ. ನಡುರಾತ್ರಿ ಕಳೆದ ಮೇಲೆ ರಾಜ ಹುವಾನ್ ಕಾರ್ಲೋಸ್ ಸೇನಾ ಸಮವಸ್ತ್ರದಲ್ಲೇ ಟಿವಿಗೆ ಬಂದು, ನಾನು ಸಂವಿಧಾನದ ಜೊತೆಗಿದ್ದೇನೆ ಅಂದರು. ಕಾಯುತ್ತಿದ್ದವರು ಕಾಲು ಹಿಂದೆ ತೆಗೆದರು. ಬೆಳಗಾಗಿ ಮಧ್ಯಾಹ್ನವಾಗುವಷ್ಟರಲ್ಲಿ ದಂಗೆ ಮುಗಿದಿತ್ತು.

1950ರಿಂದ ಈಚೆಗೆ ಜಗತ್ತಿನಲ್ಲಿ 400ಕ್ಕೂ ಹೆಚ್ಚು ದಂಗೆ ಯತ್ನಗಳು ಆಗಿವೆ. ಹೆಚ್ಚುಕಡಿಮೆ ಅರ್ಧ ಗೆದ್ದಿವೆ. ಬಡ ದೇಶಗಳಲ್ಲಿ ಜಾಸ್ತಿ. ಒಂದು ಸಲ ಆದ ಕಡೆ ಮತ್ತೆ ಮತ್ತೆ ಆಗುತ್ತದೆ. ಥಾಯ್ಲೆಂಡ್‌ನಲ್ಲಿ 1932ರಿಂದ ಹತ್ತಕ್ಕೂ ಹೆಚ್ಚು ಸಲ ಆಗಿದೆ. ಸಂಬಳ, ಬಡ್ತಿ, ಅಧಿಕಾರಿಗಳೊಳಗಿನ ಹಗೆ, ಹೊರದೇಶದವರ ಕೈ, ಸೋತ ಯುದ್ಧ, ಇವೆಲ್ಲ ಕಾರಣಗಳು ಹೌದು. ಆದರೆ ಇವೆಲ್ಲ ಇದ್ದರೂ ಅಧಿಕಾರಿಗಳು ಕೊನೆಗೆ ಒಂದು ಲೆಕ್ಕ ಹಾಕುತ್ತಾರೆ: ಈ ಸರ್ಕಾರವನ್ನು ಇಳಿಸಿದರೆ ಇದನ್ನು ಉಳಿಸಿಕೊಳ್ಳಲು ಬೀದಿಗೆ ಯಾರಾದರೂ ಬರುತ್ತಾರಾ? ಯಾರೂ ಬರುವುದಿಲ್ಲ ಅಂತ ಗಟ್ಟಿಯಾದ ದಿನ ಟ್ಯಾಂಕ್ ಹೊರಡುತ್ತದೆ. ದರ್ಶಿನಿ ಮುಂದಿನ ನಮ್ಮ ಮಾತು ಆ ಲೆಕ್ಕಕ್ಕೆ ಉತ್ತರ ಕೊಡುವ ಮಾತು. "ಬನ್ನಿ, ನಾವು ಯಾರೂ ಅಡ್ಡ ಬರುವುದಿಲ್ಲ" ಅಂತ ನಾವೇ ಹೇಳಿ ಕಳಿಸಿದ ಹಾಗೆ.

ಪಾಕಿಸ್ತಾನ ನೋಡಿ. ನಮ್ಮ ಸೈನ್ಯ, ಅವರ ಸೈನ್ಯ ಎರಡೂ 1947ರವರೆಗೆ ಒಂದೇ. ಅದೇ ಡ್ರಿಲ್ಲು, ಅದೇ ಮೆಸ್ಸು, ಅದೇ ಶಿಸ್ತು. ಕೊಡಗಿನ ಕಾರ್ಯಪ್ಪನವರೂ ಆಯೂಬ್ ಖಾನರೂ ಒಂದೇ ಸೈನ್ಯದಲ್ಲಿ ಬೆಳೆದ ಅಧಿಕಾರಿಗಳು. 1949ರ ಜನವರಿ 15ಕ್ಕೆ ಕಾರ್ಯಪ್ಪನವರು ನಮ್ಮ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರು. 1953ರಲ್ಲಿ ನಿವೃತ್ತರಾದರು. ಆಯೂಬ್ 1958ರ ಅಕ್ಟೋಬರ್‌ನಲ್ಲಿ ದೇಶವನ್ನೇ ತೆಗೆದುಕೊಂಡರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಕಾರ್ಯಪ್ಪನವರ ಮಗ ಪಾಕಿಸ್ತಾನದವರ ಸೆರೆಗೆ ಸಿಕ್ಕಾಗ, ಆಯೂಬ್ ಹಳೆಯ ಪರಿಚಯಕ್ಕೆ ಬಿಟ್ಟು ಕಳಿಸುವ ಮಾತಾಡಿದರು. ಉಳಿದ ಸೆರೆಯಾಳುಗಳಿಗೆ ಇಲ್ಲದ್ದು ನನ್ನ ಮಗನಿಗೂ ಬೇಡ ಅಂದರು ಕಾರ್ಯಪ್ಪ. ನಮ್ಮ ಪಲ್ಟನ್ನಿನಲ್ಲಿ ಈ ಕಥೆಯನ್ನು ಹೊಸ ಹುಡುಗರಿಗೆ ಹೇಳುತ್ತಿದ್ದೆವು.

ಒಬ್ಬರು ಒಳ್ಳೆಯವರು, ಇನ್ನೊಬ್ಬರು ಕೆಟ್ಟವರು ಅಂತ ಮುಗಿಸಿಬಿಟ್ಟರೆ ನಮಗೆ ಕಲಿಯಲು ಏನೂ ಉಳಿಯುವುದಿಲ್ಲ. ನಮಗೆ 1950ಕ್ಕೇ ಸಂವಿಧಾನ ಬಂತು, 1951-52ರಲ್ಲಿ ಮೊದಲ ಮಹಾಚುನಾವಣೆ. ಅವರಿಗೆ ಸಂವಿಧಾನ ಬಂದದ್ದು 1956ಕ್ಕೆ. ದೇಶಕ್ಕೆಲ್ಲ ವಯಸ್ಕರ ಮತದಾನದ ಮೊದಲ ಚುನಾವಣೆ ನಡೆದದ್ದು 1970ಕ್ಕೆ. ಅದರಲ್ಲಿ ಗೆದ್ದವರಿಗೆ ಅಧಿಕಾರ ಕೊಡದೆ ದೇಶವೇ ಎರಡಾಯಿತು. 1947ರಿಂದ 1958ರೊಳಗೆ ಏಳು ಪ್ರಧಾನಿಗಳು ಬಂದು ಹೋದರು. ಬಂದವರನ್ನು ಜನ ಆರಿಸಿದ್ದೇ ಅಲ್ಲ, ಹೋದಾಗ ಅಳುವವರು ಯಾರು? 1954ರಲ್ಲಿ ಆಯೂಬ್ ಇನ್ನೂ ಸೇನಾಪತಿಯಾಗಿದ್ದಾಗಲೇ ಅವರನ್ನು ರಕ್ಷಣಾ ಮಂತ್ರಿ ಮಾಡಿದ್ದೂ ರಾಜಕಾರಣಿಗಳೇ.

ನಾವು ಬೆಂಗಳೂರಿನವರು ಗಮನಿಸಬೇಕಾದದ್ದು 1953ರ ಲಾಹೋರ್. ಅಲ್ಲಿ ದೊಡ್ಡ ಗಲಭೆ ಆಯಿತು. ಪೊಲೀಸರ ಕೈ ಮೀರಿತು. ಊರನ್ನು ಮಿಲಿಟರಿಗೆ ಕೊಟ್ಟರು. ಸೈನಿಕರು ಗಲಭೆ ನಿಲ್ಲಿಸಿದರು. ಆದರೆ ತಕ್ಷಣ ಹೋಗಲಿಲ್ಲ. ಕೆಲವು ವಾರ ಇದ್ದು ಊರು ಸ್ವಚ್ಛ ಮಾಡುವ ಕೆಲಸಕ್ಕೆ ಕೈ ಹಾಕಿದರು. ಬೀದಿ ಚೊಕ್ಕಟವಾಯಿತು. ಜನ ಖುಷಿಪಟ್ಟರು. ಎಷ್ಟು ಚೆನ್ನಾಗಿ ಮಾಡ್ತಾರೆ, ಅಲ್ವಾ? ಐದು ವರ್ಷ ಕಳೆಯಿತು. ಇಡೀ ದೇಶಕ್ಕೆ ಮಿಲಿಟರಿ ಕಾನೂನು ಬಂತು. ಅಲ್ಲಿನ ಸುಪ್ರೀಂ ಕೋರ್ಟ್ ಕೂಡ, ದಂಗೆ ಗೆದ್ದರೆ ಅದೇ ಕಾನೂನು ಅನ್ನುವ ಅರ್ಥದಲ್ಲಿ ತೀರ್ಪು ಕೊಟ್ಟಿತು. ಆಮೇಲೆ 1969, 1977, 1999ರಲ್ಲೂ ಮಿಲಿಟರಿಯವರೇ ಅಧಿಕಾರ ಹಿಡಿದರು. ಇವತ್ತಿನವರೆಗೂ ಅಲ್ಲಿ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರ್ತಿ ಮಾಡಿಲ್ಲ.

ನಮ್ಮ ಕಡೆ ಹಿರಿಯರು ಮೊದಲೇ ಎಚ್ಚರ ವಹಿಸಿದ್ದರು. ಮೂರೂ ಪಡೆಗಳ ಮುಖ್ಯಸ್ಥರನ್ನು ಒಂದೇ ಸಾಲಿನಲ್ಲಿ ಕೂರಿಸಿದರು. 1955ರಲ್ಲಿ ಕಮಾಂಡರ್ ಇನ್ ಚೀಫ್ ಅನ್ನುವ ಹುದ್ದೆಯನ್ನೇ ತೆಗೆದರು. ದೆಹಲಿಯಲ್ಲಿ ಬ್ರಿಟಿಷ್ ದಂಡನಾಯಕ ಇದ್ದ ದೊಡ್ಡ ಬಂಗಲೆ ಪ್ರಧಾನಿಯ ಮನೆಯಾಯಿತು. 1959ರಲ್ಲಿ ನಮ್ಮ ಕೊಡಗಿನವರೇ ಆದ ಜನರಲ್ ತಿಮ್ಮಯ್ಯ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಮೇಲೆ ಬೇಸರಗೊಂಡಾಗ ಮಾಡಿದ್ದು ಏನು? ರಾಜೀನಾಮೆ ಬರೆದು ಕೊಟ್ಟರು. ನೆಹರೂ ಹೇಳಿದ ಮೇಲೆ ವಾಪಸ್ ತೆಗೆದುಕೊಂಡರು. ಮಂತ್ರಿಯ ಮೇಲಿನ ಅವರ ದೂರಿನಲ್ಲಿ ಹುರುಳಿತ್ತು ಅಂತಲೇ ನಾನು ನಂಬುತ್ತೇನೆ. ಆದರೂ ಒಂದು ಕಾಗದ ಬರೆದರು, ಅಷ್ಟೇ. ಭರ್ತಿಯಾದ ಮೇಲೆ ಕಸಂ ಪರೇಡ್‌ನಲ್ಲಿ ನಾನು ಆಣೆ ಮಾಡಿದ್ದು ಯಾವ ಜನರಲ್ ಹೆಸರಿಗೂ ಅಲ್ಲ. ಭಾರತದ ಸಂವಿಧಾನಕ್ಕೆ. ನೀವು ನನಗೆ ಆಡಳಿತ ಕೊಡುತ್ತೇನೆ ಅಂದರೆ, ಆ ಆಣೆ ಮುರಿ ಅಂತ ಹೇಳಿದ ಹಾಗೆ.

ಬಂದವರು ಕೆಲಸ ಮುಗಿಸಿ ಹೋಗುತ್ತಾರಲ್ಲ ಅಂತ ನೀವು ಕೇಳಬಹುದು. ಪಾಕಿಸ್ತಾನದ ಸೇನಾಪತಿ ಜಿಯಾ ಉಲ್ ಹಕ್ 1977ರ ಜುಲೈ 5ಕ್ಕೆ ಬಂದು 90 ದಿನದಲ್ಲಿ ಚುನಾವಣೆ ಅಂದ. 11 ವರ್ಷ ಇದ್ದ. ಅಧಿಕಾರ ಬಿಟ್ಟದ್ದು ವಿಮಾನ ಬಿದ್ದು ಸತ್ತಾಗ. ಆಫ್ರಿಕಾದ ಮಾಲಿಯಲ್ಲಿ 2020ರ ಆಗಸ್ಟ್‌ನಲ್ಲಿ ಸೈನಿಕರು ಬಂದಾಗ ರಾಜಧಾನಿ ಬಮಾಕೊದ ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿ ಕುಣಿದರು. ಅವರಿಗೂ ಭ್ರಷ್ಟಾಚಾರ ಸಾಕಾಗಿತ್ತು, ನಮ್ಮ ಹಾಗೇ. 2022ಕ್ಕೆ ಚುನಾವಣೆ ಅಂದರು. ಆಮೇಲೆ 2024 ಅಂದರು. 2025ರ ಮೇ ತಿಂಗಳಲ್ಲಿ ಎಲ್ಲ ರಾಜಕೀಯ ಪಕ್ಷಗಳನ್ನೂ ರದ್ದು ಮಾಡಿದರು. ಅವತ್ತು ಕುಣಿದವನು ಇವತ್ತು ಸಿಟ್ಟು ಬಂದರೆ ಯಾರಿಗೆ ಹೇಳಬೇಕು?

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ರಸ್ತೆ ಬದಿ ನಿಂತು ವ್ಯಾಯಾಮದ ವಿಡಿಯೊ ಮಾಡಿಕೊಳ್ಳುತ್ತಿದ್ದಳು. ಅವಳ ಬೆನ್ನ ಹಿಂದೆ ಸಾಲು ಸಾಲು ಕಪ್ಪು ಗಾಡಿಗಳು ಸಂಸತ್ತಿನ ಕಡೆ ಹೋಗುತ್ತಿದ್ದವು. ಅವಳಿಗೆ ಗೊತ್ತೇ ಇರಲಿಲ್ಲ. ನೀವೂ ಫೋನಿನಲ್ಲಿ ನೋಡಿರುತ್ತೀರಿ. ಅವತ್ತು ಹೊಸ ಸಂಸತ್ತು ಸೇರಬೇಕಿದ್ದ ದಿನ. ಅಲ್ಲಿನ ಸೈನ್ಯ 2008ರ ಸಂವಿಧಾನದಲ್ಲೇ ತನಗೆ ನಾಲ್ಕನೇ ಒಂದು ಪಾಲು ಸೀಟು ಬರೆದುಕೊಂಡಿತ್ತು. ಅಷ್ಟಿದ್ದರೂ ಸಾಲಲಿಲ್ಲ. ಆಮೇಲಿನ ಅಂತರ್ಯುದ್ಧದಲ್ಲಿ ಸಾವಿರಾರು ಜನ ಸತ್ತರು. 2024ರಲ್ಲಿ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುವ ಕಾನೂನು ಜಾರಿಯಾಯಿತು. ಹುಡುಗರು ಗಡಿ ದಾಟಿ ಓಡಿದರು. ನನ್ನ ಕಾಲದಲ್ಲಿ ಹಲಸೂರಿನ ಗೇಟಿನ ಮುಂದೆ ಭರ್ತಿಗೆ ಮಧ್ಯರಾತ್ರಿಯಿಂದಲೇ ಹುಡುಗರು ಸಾಲು ನಿಲ್ಲುತ್ತಿದ್ದರು. ಸೈನ್ಯದಿಂದ ತಪ್ಪಿಸಿಕೊಂಡು ಓಡುವ ಹುಡುಗರು ಇರುವ ದೇಶ ಹೇಗಿರುತ್ತದೆ ಅಂತ ನನಗೆ ಊಹಿಸಲೂ ಕಷ್ಟ. ಸುಡಾನ್‌ನಲ್ಲಿ 2021ರಲ್ಲಿ ಸೈನ್ಯ ಮತ್ತು ಇನ್ನೊಂದು ಸಶಸ್ತ್ರ ಪಡೆ ಕೂಡಿ ಅಧಿಕಾರ ಹಿಡಿದವು. 2023ರ ಏಪ್ರಿಲ್‌ನಲ್ಲಿ ಅವೆರಡೇ ಹೊಡೆದಾಡಲು ಶುರುಮಾಡಿದವು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು.

ಪೋರ್ಚುಗಲ್ ಇಲ್ಲವಾ ಅಂತ ಓದಿಕೊಂಡವರು ಕೇಳುತ್ತಾರೆ. ಇದೆ. 1974ರ ಏಪ್ರಿಲ್ 25ಕ್ಕೆ ಅಲ್ಲಿನ ಕಿರಿಯ ಅಧಿಕಾರಿಗಳು ಸರ್ವಾಧಿಕಾರವನ್ನೇ ಇಳಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಚುನಾವಣೆ ಮಾಡಿದರು. ಜನ ಬಂದೂಕಿನ ಬಾಯಿಗೆ ಹೂ ಇಟ್ಟರು. ಅಲ್ಲಿ ಇಳಿಸಲು ಚುನಾಯಿತ ಸರ್ಕಾರ ಇರಲಿಲ್ಲ. ಅಂಥ ಕಡೆ ಕೂಡ ಸೈನಿಕರ ಮಂಡಳಿ ಪೂರ್ತಿ ಹೊರಗೆ ಹೋಗಲು 1982 ಆಯಿತು. ನಮ್ಮ ಪಾಡು ಬೇರೆ. ನಮಗೆ ಬೇಡವಾದವರನ್ನು ಇಳಿಸಲು ನಮ್ಮ ಬೆರಳು ಸಾಕು.

ನಾನು ಮತ್ತೆ ಮತ್ತೆ ನೋಡುವುದು ದಕ್ಷಿಣ ಕೊರಿಯಾದ ವಿಡಿಯೊ. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷ ಯೂನ್ ಟಿವಿಗೆ ಬಂದು ಮಿಲಿಟರಿ ಕಾನೂನು ಘೋಷಿಸಿದ. ಹೆಲಿಕಾಪ್ಟರ್‌ನಲ್ಲಿ ಕಮಾಂಡೊಗಳು ಸಂಸತ್ತಿಗೆ ಇಳಿದರು. ಕೊರೆಯುವ ಚಳಿಯಲ್ಲಿ ಜನ ಮನೆಯಿಂದ ಎದ್ದು ಬಂದರು. ಸಂಸದರು ಗೋಡೆ ಹತ್ತಿ ಒಳಗೆ ಹಾರಿದರು. ಸಿಬ್ಬಂದಿ ಕುರ್ಚಿ ಮೇಜು ಒಟ್ಟಿ ಬಾಗಿಲು ತಡೆದರು. ಒಳಗಿದ್ದ 190 ಜನರೂ ಒಮ್ಮತದಿಂದ ಬೇಡ ಅಂತ ಮತ ಹಾಕಿದರು. ಸುಮಾರು ಆರು ಗಂಟೆಯಲ್ಲಿ ಎಲ್ಲ ಮುಗಿಯಿತು. ನಾನು ನೋಡಿದ್ದು ಆ ಕಮಾಂಡೊ ಹುಡುಗರನ್ನು. ಕೈಯಲ್ಲಿ ಅಷ್ಟು ಬಂದೂಕು ಇದ್ದೂ ಹಿಂದೆ ಹಿಂದೆ ಸರಿಯುತ್ತಿದ್ದರು. ತಮ್ಮ ಅಮ್ಮನ ವಯಸ್ಸಿನ ಹೆಂಗಸು ಎದುರು ನಿಂತು ಬೈದರೆ ಯಾವ ಜವಾನ ಮುಂದೆ ನುಗ್ಗುತ್ತಾನೆ? ಮುಂದೆ ಯೂನ್‌ನನ್ನು ಕೆಳಗಿಳಿಸಿದ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಕೂಡ ಜನ ತಡೆದದ್ದನ್ನು, ಸೈನಿಕರು ಹಿಂಜರಿದದ್ದನ್ನು ತೀರ್ಪಿನಲ್ಲೇ ಹೇಳಿತು. ಆ ಜನರಿಗೂ ತಮ್ಮ ರಾಜಕಾರಣಿಗಳ ಮೇಲೆ ಕೋಪ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು. ಆದರೂ ಬಂದರು.

ಹಾಗಾದರೆ ನಾವು ಬರುತ್ತೇವಾ? 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಬಿದ್ದದ್ದು ಶೇ 53ರ ಆಸುಪಾಸು. ಇಡೀ ರಾಜ್ಯದ್ದು ಶೇ 70 ದಾಟಿತ್ತು. ಹಗಲು ಹೊತ್ತಿನಲ್ಲಿ, ರಜೆ ಕೊಟ್ಟರೂ, ನಡೆದು ಹೋಗುವಷ್ಟು ದೂರದ ಮತಗಟ್ಟೆಗೆ ಅರ್ಧ ಊರು ಹೋಗಲಿಲ್ಲ. ಈ ಊರಿಗೆ ಇನ್ನೊಂದು ನೆನಪೂ ಇರಬೇಕು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಒಬ್ಬ ಸೈನಿಕನೂ ಬ್ಯಾರಕ್ ಬಿಟ್ಟು ಬರಲಿಲ್ಲ. ಚುನಾಯಿತ ಸರ್ಕಾರವೇ ಜನರ ಬಾಯಿ ಕಟ್ಟಿತು. ಸಂಸದೀಯ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಕಲಾವಿದೆ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿದರು. ಹೊರಗೆ ಬಿಟ್ಟ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ಅಂಗನವಾಡಿ ಅಕ್ಕಂದಿರು, ರೈತರು ಅಲ್ಲಿ ಧರಣಿ ಕೂತರೆ ಟ್ರಾಫಿಕ್ ಜಾಮ್ ಅಂತ ನಾವು ಗೊಣಗುತ್ತೇವೆ. ಮಿಲಿಟರಿ ಆಳುವ ಊರಿನಲ್ಲಿ ಆ ಜಾಮ್ ಇರುವುದಿಲ್ಲ. ಕೂರಲು ಬಿಟ್ಟರೆ ತಾನೇ?

ಇನ್ನು ಆ 'ಐದು ವರ್ಷ'ದ ಮಾತು. ನಮ್ಮ ನಗರಪಾಲಿಕೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 198 ವಾರ್ಡಿನ ಕಾರ್ಪೊರೇಟರುಗಳೂ ಮನೆಗೆ ಹೋದರು. ಆಡಳಿತಾಧಿಕಾರಿ ಬಂದರು. ಐದು ವರ್ಷ ಕಳೆದು, ಪಾಲಿಕೆ ಒಂದಿದ್ದದ್ದು ಐದಾಗಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಾಗಲೂ ಚುನಾವಣೆ ಆಗಿರಲಿಲ್ಲ. ಇದನ್ನು ಮಿಲಿಟರಿ ಆಳ್ವಿಕೆಗೆ ಹೋಲಿಸುವುದು ತಪ್ಪು, ನಾನು ಹೋಲಿಸುವುದಿಲ್ಲ. ಮೇಲೆ ಚುನಾಯಿತ ಸರ್ಕಾರ ಇದೆ, ಕೋರ್ಟ್ ಇದೆ, ಪತ್ರಿಕೆ ಇದೆ. ಆದರೆ 'ರಾಜಕಾರಣಿಗಳಿಲ್ಲದೆ ಐದು ವರ್ಷ' ಅಂತ ನೀವು ಕೇಳಿದ್ದನ್ನು ವಾರ್ಡಿನ ಮಟ್ಟದಲ್ಲಿ ಈ ಊರು ಆಗಲೇ ನೋಡಿದೆ. ಗುಂಡಿ ಮುಚ್ಚಿತಾ? ನನಗೆ ಸರ್ಕಾರಕ್ಕೂ ಒಂದು ಮಾತು ಹೇಳುವುದಿದೆ. ಪಕ್ಷ ಯಾವುದೇ ಇರಲಿ. ನೀವು ಒಂದೊಂದು ಚುನಾವಣೆ ಮುಂದೆ ಹಾಕಿದಾಗಲೂ, ಚುನಾವಣೆ ಇಲ್ಲದೆಯೂ ನಡೆಯುತ್ತದೆ ಅಂತ ಜನರಿಗೆ ನೀವೇ ಪಾಠ ಹೇಳಿಕೊಡುತ್ತಿದ್ದೀರಿ. ದಯವಿಟ್ಟು ಆ ಪಾಠ ನಿಲ್ಲಿಸಿ. ಹೊಸ ಪಾಲಿಕೆಗಳ ಚುನಾವಣೆ ಹೇಳಿದ ಹೊತ್ತಿಗೆ ಆಗಲಿ. ಐದೈದು ವರ್ಷಕ್ಕೆ ತಪ್ಪದೆ ಆಗುತ್ತಿರಲಿ.

ಗೆಳೆಯರೇ, ಹುಡುಗ ಬಿದ್ದ ಆ ಗುಂಡಿಯ ಅಳತೆ ತೆಗೆದಿದ್ದೇನೆ. ಮೂರು ಅಡಿ ಅಗಲ, ಒಂಬತ್ತು ಇಂಚು ಆಳ. ಚರಂಡಿ ನೀರು ರಸ್ತೆಯಡಿ ನುಗ್ಗಿ ಮಣ್ಣು ಕೊಚ್ಚಿದೆ. ಮೇಲೆ ಬರೀ ಜಲ್ಲಿ ಸುರಿದರೆ ಎರಡು ಮಳೆಗೆ ಮತ್ತೆ ಕಿತ್ತು ಬರುತ್ತದೆ. ಮೊದಲು ಚರಂಡಿ ಸರಿಯಾಗಬೇಕು. ಇದನ್ನೆಲ್ಲ ಬರೆದು, ಫೋಟೊ ಅಂಟಿಸಿ, ಒಂದು ಅರ್ಜಿ ಮಾಡಿದ್ದೇನೆ. ಬೀದಿಯ 41 ಮನೆಯವರು ಸಹಿ ಹಾಕಿದ್ದಾರೆ. ಪ್ಲಾಸ್ಟರ್ ಹಾಕಿಕೊಂಡ ಹುಡುಗನದೇ ಮೊದಲ ಸಹಿ. ಸೋಮವಾರ ಹತ್ತು ಗಂಟೆಗೆ ಕಚೇರಿಗೆ ಹೋಗಿ ಕೊಡುತ್ತೇವೆ, ಅಲ್ಲೇ ನಿಂತು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುತ್ತೇವೆ. ದರ್ಶಿನಿ ಮುಂದೆ ನನ್ನನ್ನು "ಅಲ್ವಾ ಸುಬೇದಾರ್ರೇ?" ಅಂತ ಕೇಳಿದವರ ಸಹಿಗೆ 42ನೇ ಸಾಲು ಖಾಲಿ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಗೆ ಪೆನ್ನು ತರುತ್ತೇನೆ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಸುಬೇದಾರ್
ವಿದ್ಯಾರಣ್ಯಪುರ, ಬೆಂಗಳೂರು